ಮರುದಿನದ ತಾರೀಖು

ಗುರ್ ಅನ್ನಲಿಲ್ಲವಲ್ಲ, ಮೂಲೆಯ ಪ್ರಿಂಟರ್, ಅರ್ಧ ಗಂಟೆಗೊಮ್ಮೆ ಎದ್ದು ಗುರುಗುಟ್ಟಿ ಒಂದು ಹಾಳೆ ಉಗುಳಿ ಮತ್ತೆ ಮಲಗುವ ಮುದಿ ಪ್ರಿಂಟರ್, ನಾನು ಬಂದು ಚೀಲ ಇಟ್ಟು ಕಿಟಕಿ ತೆರೆದು ಕೂತಾಗಿನಿಂದ ಒಮ್ಮೆಯೂ ಎದ್ದಿಲ್ಲ, ಏನೋ ಕಡಿಮೆ ಇದೆ ಏನೋ ಕಡಿಮೆ ಇದೆ ಅಂತ ಆಗಿನಿಂದ ಅನ್ನಿಸುತ್ತಿದ್ದದ್ದು ಇದೇ, ಮನೆಯಲ್ಲಿ ಗಡಿಯಾರ ನಿಂತಾಗ ಕಿವಿಗೆ ಮೊದಲು ಗೊತ್ತಾಗಿ ತಲೆಗೆ ಆಮೇಲೆ ಗೊತ್ತಾಗುವ ಹಾಗೆ, ಸರಿ, ಹಾಳೆ ಮುಗಿದಿರಬಹುದು ಅಂದುಕೊಂಡು ಏಳುವಷ್ಟರಲ್ಲಿ ಬಾಗಿಲಲ್ಲಿ ಕೌಂಟರಿನವಳ ತಲೆ — ಅವಳನ್ನು ಈ ಲ್ಯಾಬಿನಲ್ಲಿ ಎಲ್ಲರೂ ಗಂಟೆ ಅಂತಲೇ ಕರೆಯುವುದು, ಅವಳು ಗುಟ್ಟು ಹೇಳಿದರೆ ಮೇಲಿನ ಮಹಡಿಗೆ ಕೇಳಿಸುತ್ತದೆ — ಅಕ್ಕಾ, ನಿನ್ನೆ ಸಂಜೆ ಮೇಲೆ ರಕ್ತ ಕೊಟ್ಟವ್ರು ಯಾರಿಗೂ ರಿಪೋರ್ಟ್ ಬಂದಿಲ್ವಂತೆ, ಫೋನ್ ಮೇಲೆ ಫೋನು, ಹೊರಗೆ ಒಬ್ರು ತಾತ ಕೂತಿದಾರೆ, ಮಧ್ಯಾಹ್ನ ಆಪರೇಷನ್ನಂತೆ ಅವ್ರಿಗೆ, ರಿಪೋರ್ಟ್ ನೋಡ್ದೆ ಕೈ ಹಾಕಲ್ಲ ಅಂದ್ರಂತೆ ಡಾಕ್ಟ್ರು, ನಾನೇನ್ ಹೇಳ್ಲಿ — ಬರುತ್ತೆ ಅಂತ ಹೇಳು, ಅಂದೆ, ಅಷ್ಟು ಧೈರ್ಯವಾಗಿ, ಯಾಕೆಂದರೆ ಈ ಕಟ್ಟಡದಿಂದ ಹೊರಗೆ ಹೋಗುವ ಫಲಿತಾಂಶವೆಲ್ಲ ನನ್ನ ಕೈ ದಾಟಿಯೇ ಹೋಗಬೇಕು, ರಕ್ತ ತೆಗೆಯುವವರು ತೆಗೆಯುತ್ತಾರೆ, ಯಂತ್ರಗಳು ಅಳೆಯುತ್ತವೆ, ಅಳೆದದ್ದನ್ನು ಒಟ್ಟು ಮಾಡಿ ಯಾರದು ಯಾರಿಗೆ ಅಂತ ವಿಂಗಡಿಸಿ ಕಳಿಸುವುದು ನಾನು ಬರೆದ ಸ್ಕ್ರಿಪ್ಟ್, ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿ, ನಾನಿರಲಿ ಇಲ್ಲದಿರಲಿ, ಜ್ವರದಲ್ಲಿ ಮಲಗಿರಲಿ, ಯಾರದೋ ಮದುವೆಯಲ್ಲಿ ಉಣ್ಣುತ್ತಿರಲಿ, ಅದು ಅರ್ಧ ಗಂಟೆಗೊಮ್ಮೆ ತನ್ನ ಪಾಡಿಗೆ ತಾನು ಓಡುತ್ತದೆ, ಎಲ್ಲರಿಗೂ ಕಳಿಸಿದ ಮೇಲೆ ಕಳಿಸಿದ್ದರ ಪಟ್ಟಿಯನ್ನು ಆ ಪ್ರಿಂಟರಿನಿಂದ ಉಗುಳಿಸುತ್ತದೆ.

ಓಡಿಸುವವನು ಕ್ರಾನ್, ನಾವಿಬ್ಬರು ಅವನಿಗೆ ಮೇಸ್ತ್ರಿ ಅನ್ನುತ್ತೇವೆ, ನಾನು ಮತ್ತು ತಮ್ಮ, ಸರ್ವರಿನ ಒಳಗೆ ಗಡಿಯಾರ ನೋಡುತ್ತ ಕೂತಿರುವ ಮೇಸ್ತ್ರಿ, ಹೇಳಿದ ಹೊತ್ತಿಗೆ ಹೇಳಿದ ಕೆಲಸಕ್ಕೆ ಆಳನ್ನು ಎಬ್ಬಿಸಿ ಕಳಿಸುವುದಷ್ಟೇ ಅವನ ಕೆಲಸ, ಆಳು ದಾರಿಯಲ್ಲಿ ಬಿದ್ದರೆ ಎತ್ತುವುದಿಲ್ಲ, ಯಾಕೆ ಬಿದ್ದ ಅಂತ ಬಂದು ಹೇಳುವುದೂ ಇಲ್ಲ, ಅಂಥ ಬಾಯಿಲ್ಲದವನು, ಅವನ ಕೆಲಸ ಕೆಟ್ಟರೆ ನಾವೇ ಒಂದೊಂದು ಬಾಗಿಲು ತಟ್ಟಿ ಕೇಳಬೇಕು, ತಟ್ಟಿದೆ, ಮೊದಲನೆಯದು — ಮೇಸ್ತ್ರಿ ಬದುಕಿದ್ದಾನೆಯೇ, ಬದುಕಿದ್ದಾನೆ, ಎಚ್ಚರವಾಗಿದ್ದಾನೆ, ಗಡಿಯಾರ ಸರಿಯಿದೆಯೇ, ಸರಿಯಿದೆ, ಡಿಸ್ಕ್ ತುಂಬಿದೆಯೇ, ಇಲ್ಲ, ಹೊಟ್ಟೆ ಇನ್ನೂ ಅರ್ಧ ಖಾಲಿ, ಸ್ಕ್ರಿಪ್ಟಿಗೆ ಓಡುವ ಅನುಮತಿ ಇದೆಯೇ, ಇದೆ, ದಾರಿ — ಬಹಳ ಸಲ ತಪ್ಪುವುದು ಇಲ್ಲೇ, ನಾನು ಕೈಯಿಂದ ಓಡಿಸುವಾಗ ಅದು ನನ್ನದೇ ಅಡುಗೆಮನೆ, ಯಾವ ಡಬ್ಬ ಎಲ್ಲಿದೆ ಅಂತ ಕತ್ತಲಲ್ಲೂ ಕೈಗೆ ಗೊತ್ತು, ಮೇಸ್ತ್ರಿ ಕಳಿಸಿದ ಆಳಿಗೆ ಏನೂ ಗೊತ್ತಿರುವುದಿಲ್ಲ, ಉಪ್ಪು ತಾ ಅಂದರೆ ನಿಂತೇ ಇರುತ್ತಾನೆ, ಮೇಲಿನ ಹಲಗೆ ಎಡಗಡೆ ಎರಡನೇ ಡಬ್ಬ ಅಂತ ಪೂರ್ತಿ ಬರೆದುಕೊಡಬೇಕು — ಬರೆದುಕೊಟ್ಟಿದ್ದೇನೆ, ವರ್ಷಗಳ ಹಿಂದೆಯೇ, ಹಾಗಾದರೆ ಮತ್ತೇನು, ನಿನ್ನೆ ಸಂಜೆ ನಾನು ಹೊರಡುವಾಗ ಪ್ರಿಂಟರ್ ಗುರುಗುಟ್ಟಿತ್ತು, ನನ್ನ ಬೆನ್ನ ಹಿಂದೆಯೇ, ಚೆನ್ನಾಗಿ ನೆನಪಿದೆ, ಬೈದಿದ್ದೆ ಅದಕ್ಕೆ, ಹೋಗೋವಾಗ ಹೆದರಿಸ್ತೀಯಲ್ಲೋ ಅಂತ.

ಕೈಯಿಂದ ಓಡಿಸಿ ನೋಡೋಣ, ಎಲ್ಲರಿಗೂ ಬೇಡ, ನನ್ನೊಬ್ಬಳ ಫೋನಿಗೆ ಮಾತ್ರ, ಪರೀಕ್ಷೆಗೆ — ಓಡಿತು, ಒಳ್ಳೆ ಕುದುರೆ ಹಾಗೆ ಓಡಿತು, ಫೋನು ಮೇಜಿನ ಮೇಲೆ ನಡುಗಿತು, ಅಂದರೆ ಸ್ಕ್ರಿಪ್ಟ್ ಸರಿಯಿದೆ, ನಾನು ಓಡಿಸಿದರೆ ಓಡುತ್ತದೆ, ಮೇಸ್ತ್ರಿ ಕಳಿಸಿದರೆ ಓಡುವುದಿಲ್ಲ, ಎಲ್ಲರಿಗೂ ಈಗಲೇ ಕಳಿಸಿಬಿಡಲೇ, ಹೊರಗೆ ಆ ತಾತ, ಬೇಡ ತಡಿ, ಮೇಸ್ತ್ರಿಯ ಆಳು ಎಲ್ಲಾದರೂ ಅರ್ಧಕ್ಕೆ ನಿಂತಿದ್ದರೆ, ನಾನು ಅದರ ಮೇಲೆ ಇನ್ನೊಂದು ಓಡಿಸಿ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಿಬಿಟ್ಟರೆ, ಅದು ಬೇಡವೇ ಬೇಡ, ಮೊದಲು ಎಲ್ಲಿ ನಿಂತಿತು ನೋಡಬೇಕು — ಅಷ್ಟರಲ್ಲಿ ತಮ್ಮನ ಫೋನು, ಮೇಲಿನ ಮಹಡಿಯಿಂದ, ಅಕ್ಕ, ರಿಪೋರ್ಟ್ ಹೋಗ್ತಿಲ್ವಂತೆ, ಡಾಕ್ಟರಮ್ಮ ನನ್ನ ತಲೆ ತಿಂತಿದಾರೆ, ಸ್ವಲ್ಪ ನೋಡೇ — ನೋಡ್ತಿದೀನಿ ಕಣೋ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ, ಯಾರಾದ್ರೂ ಏನಾದ್ರೂ ಮುಟ್ಟಿದೀರಾ ಅಲ್ಲಿ — ಇಲ್ಲಪ್ಪಾ, ಯಾರು ಮುಟ್ತಾರೆ, ನೀನಿರೋವಾಗ — ಅಂತ ನಕ್ಕ, ಆ ನಗು ನನಗೆ ಹಿತವಾಗಿತ್ತು, ಯಾವಾಗಲೂ ಹಿತವೇ, ಅವನು ಈಗ ನನ್ನ ಮೇಲಧಿಕಾರಿ, ಲ್ಯಾಬಿನ ಒಡತಿ ಡಾಕ್ಟರಮ್ಮ ಅವನನ್ನು ಮೇಲಕ್ಕೆ ಏರಿಸಿದ ದಿನ ನಾನು ಲ್ಯಾಬಿನಲ್ಲಿ ಎಲ್ಲರಿಗಿಂತ ಹೆಚ್ಚು ಹಲ್ಲು ಬಿಟ್ಟವಳು, ನಿಮ್ಮ ಮೇಲೆ ನಿಮ್ಮ ತಮ್ಮನ್ನೇ ತಂದು ಕೂರಿಸಿದ್ರಲ್ಲ ಅಕ್ಕಾ ಅಂತ ಗಂಟೆ ಊರಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಾಗ, ತಮ್ಮ ಮೇಲಿದ್ರೆ ನನ್ನ ತಲೆಗೆ ನೆರಳು ಕಣೇ ಅಂದಿದ್ದೆ.

ಅಪ್ಪ ಹೋದಾಗ ಅವನಿಗೆ ಇನ್ನೂ ಶರಟಿನ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತರೆ ಏಳುತ್ತಿರಲಿಲ್ಲ, ಗುಂಡಿ ಹಾಕಿದವಳು ನಾನು, ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು, ಆಮೇಲೆ ಯಾರೋ ಎಸೆದ ಕೀಬೋರ್ಡೊಂದನ್ನು ತಂದು, ಕಂಪ್ಯೂಟರ್ ಇಲ್ಲ, ಬರೀ ಕೀಬೋರ್ಡು, ಅಡುಗೆಮನೆಯ ಮೇಜಿನ ಮೇಲಿಟ್ಟು, ಅವನ ಬೆರಳು ಒಂದೊಂದನ್ನೇ ಹಿಡಿದು ಕೀಲಿಗಳ ಮೇಲೆ ಕೂರಿಸಿದವಳು ನಾನು, ನೋಡದೆ ಹೊಡಿ ಪುಟ್ಟಾ, ನೋಡಿ ಹೊಡೆಯೋದು ಕಳ್ಳರ ಲಕ್ಷಣ, ಅಂದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಟಕಟಕ ಹೊಡೆಯುತ್ತಿದ್ದ, ಪರದೆ ಇಲ್ಲವಲ್ಲ, ಏನು ಹೊಡೆದ ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ಆದರೂ ನಾನು ಶಭಾಷ್ ಅನ್ನುತ್ತಿದ್ದೆ, ಈ ಲ್ಯಾಬಿಗೆ ನನ್ನ ಸಹಾಯಕ ಅಂತ ಅವನನ್ನು ಸೇರಿಸಿದಾಗ ಅವನಿಗೆ ಬರುತ್ತಿದ್ದದ್ದು ಆ ಟಕಟಕ ಒಂದೇ, ಮೇಸ್ತ್ರಿ ಅಂದರೆ ಯಾರು, ಸರ್ವರ್ ಅಂದರೆ ಏನು, ಖಾತೆ ತೆರೆಯುವುದು ಮುಚ್ಚುವುದು, ಎಲ್ಲಾ ಹೇಳಿಕೊಟ್ಟೆ, ಇದ್ದಕ್ಕಿದ್ದ ಹಾಗೆ ಇದೆಲ್ಲ ಯಾಕೆ ನೆನಪಿಗೆ ಬರುತ್ತಿದೆ, ಕೆಲಸ ಬಿಟ್ಟು, ಹೊರಗೆ ತಾತ ಕಾಯುತ್ತಿದ್ದಾನೆ.

ಮೇಸ್ತ್ರಿಯನ್ನೇ ಒಮ್ಮೆ ಮಲಗಿಸಿ ಎಬ್ಬಿಸೋಣ, ಅನೇಕ ಸಲ ಅಷ್ಟರಲ್ಲೇ ಸರಿಹೋಗುತ್ತದೆ, ಅದಕ್ಕೆ ದೊಡ್ಡ ಅಧಿಕಾರ ಬೇಕು, ನನಗಿದೆ, ಟೈಪ್ ಮಾಡಿದೆ, ಪಾಸ್‌ವರ್ಡ್ ಕೊಟ್ಟೆ, ಆಗ ಬಂತು — ನಿಮ್ಮ ಖಾತೆಯ ಅವಧಿ ಮುಗಿದಿದೆ, ನಿಮ್ಮ ಸಿಸ್ಟಂ ನಿರ್ವಾಹಕರನ್ನು ಸಂಪರ್ಕಿಸಿ — ಓದಿ ನಕ್ಕುಬಿಟ್ಟೆ, ನಿಜವಾಗಿ, ಗಟ್ಟಿಯಾಗಿ, ಯಾಕೆಂದರೆ ಆ ನಿರ್ವಾಹಕಿ ನಾನೇ, ಯಾರನ್ನು ಸಂಪರ್ಕಿಸಲಿ, ಕನ್ನಡಿಯನ್ನೇ, ನಗುತ್ತಲೇ ಲಾಗ್ ತೆರೆದೆ, ಎಲ್ಲರೂ ಬಂದುಹೋದದ್ದನ್ನು ಬರೆದಿಡುವ ಜಾಗ, ಅಲ್ಲಿ ಅರ್ಧ ಗಂಟೆಗೊಂದರಂತೆ ಸಾಲು, ಒಂದರ ಕೆಳಗೊಂದು, ಎಲ್ಲವೂ ಒಂದೇ ಮಾತು, ಮೇಸ್ತ್ರಿ ಆಳನ್ನು ಕರೆತಂದ, ಬಾಗಿಲಲ್ಲಿ ಕೇಳಿದರು ಯಾರ ಆಳು, ಅಕ್ಕನ ಆಳು, ಅಕ್ಕನ ಖಾತೆಯ ಅವಧಿ ಮುಗಿದಿದೆ, ವಾಪಸ್ಸು — ಮಧ್ಯರಾತ್ರಿಯಿಂದ ಇದೇ, ಪ್ರತಿ ಸಲವೂ ಪಾಪ ಮೇಸ್ತ್ರಿ ಕರೆತಂದಿದ್ದಾನೆ, ಪ್ರತಿ ಸಲವೂ ವಾಪಸ್ಸು, ಒಬ್ಬನೂ ಒಳಗೆ ಕಾಲಿಟ್ಟಿಲ್ಲ, ಅರ್ಧಕ್ಕೆ ಯಾವುದೂ ನಿಂತಿಲ್ಲ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ, ಗಡಿಯಾರ ನೋಡಿದೆ ಡಿಸ್ಕ್ ನೋಡಿದೆ ದಾರಿ ನೋಡಿದೆ, ಕೆಟ್ಟಿರುವುದು ಯಾವುದೂ ಅಲ್ಲ, ನನ್ನ ಹೆಸರು, ನನ್ನ ಹೆಸರು ಹೇಳಿಕೊಂಡು ಹೋದವರನ್ನೆಲ್ಲ ಬಾಗಿಲಿಂದ ಓಡಿಸಿದ್ದಾರೆ, ನನ್ನನ್ನು ಯಾಕೆ ಓಡಿಸಿಲ್ಲ ಅಂದರೆ ನಾನು ಸರ್ವರಿನಿಂದ ಹೊರಗೆ ಹೋಗಿಯೇ ಇಲ್ಲ, ಅದಕ್ಕೆ ನಾನು ಕಂಪ್ಯೂಟರಿನಲ್ಲಿ ತೆರೆದ ಕಿಟಕಿ ವಾರಗಳಿಂದ ಹಾಗೇ ತೆರೆದಿದೆ, ಒಳಗೇ ಕೂತವಳನ್ನು ಬಾಗಿಲಿನವನು ಕೇಳುವುದಿಲ್ಲ, ಒಂದು ಸಲ ಮುಚ್ಚಿದೆನೋ ಮತ್ತೆ ನನಗೂ ಪ್ರವೇಶವಿಲ್ಲ, ಮನೆ ಬೀಗ ಬದಲಾಗಿದ್ದು ಗೊತ್ತಿಲ್ಲದೆ ಒಳಗೆ ಹಾಡು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದವಳು ನಾನು, ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಏನೋ ತಪ್ಪಾಗಿದೆ ಅಷ್ಟೇ, ಯಂತ್ರದ ತಪ್ಪು, ಎಲ್ಲೋ ಯಾವುದೋ ಸೊನ್ನೆ, ನನ್ನ ಖಾತೆಗೆ ಅವಧಿಯೇ ಇರಲಿಲ್ಲವಲ್ಲ, ಅವಧಿ ಇಡುವುದು ಬಂದುಹೋಗುವವರಿಗೆ, ತರಬೇತಿಗೆ ಬರುವ ಹುಡುಗಿಯರಿಗೆ, ಬೇಸಿಗೆಗೆ ಬಂದು ಮಳೆಗೆ ಹೋಗುವವರಿಗೆ, ನೋಡೋಣ ಅಂತ ನನ್ನ ಖಾತೆಯ ವಿವರ ಕೇಳಿದೆ, ಖಾತೆ ಮುಗಿಯುವ ದಿನ ಅಂತ ಇದ್ದ ಕಡೆ ಮೊದಲೆಲ್ಲ, ಎಂದೂ ಇಲ್ಲ, ಅಂತ ಇರುತ್ತಿತ್ತು, ಈಗ ಒಂದು ತಾರೀಖು ಇದೆ, ಇವತ್ತಿನದು, ಇವತ್ತಿನ ತಾರೀಖು ಕಣ್ಣೆದುರಿಗೆ, ಯಂತ್ರ ತಪ್ಪು ಮಾಡಿದರೆ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ, ಕೈ ಇದೆ ಇದರಲ್ಲಿ, ಯಾರದೋ ಕೈ — ಯಾರದು ಅಂತ ಆಗಲೇ ಗೊತ್ತಾಯಿತು ನನಗೆ, ಲಾಗ್ ನೋಡುವ ಮೊದಲೇ, ಗೊತ್ತಾಗಬಾರದಿತ್ತು, ಯಾಕೆಂದರೆ ಈ ತಪ್ಪು ಮಾಡುವವನು ಈ ಭೂಮಿಯ ಮೇಲೆ ನನಗೆ ಗೊತ್ತಿರುವವನು ಒಬ್ಬನೇ, ಅಲ್ಲಿ ಹಾಕುವ ತಾರೀಖು ಕೊನೆಯ ದಿನದ್ದಲ್ಲ, ಬಾಗಿಲು ಮುಚ್ಚಿದ ಮೊದಲ ದಿನದ್ದು, ಕೊನೆಯ ದಿನ ಶುಕ್ರವಾರ ಅಂದರೆ ಶನಿವಾರದ್ದು ಹಾಕಬೇಕು, ಎಷ್ಟು ಸಲ ಹೇಳಿದ್ದೆ, ಮರುದಿನದ ತಾರೀಖು ಹಾಕೋ ಪುಟ್ಟಾ, ಮರುದಿನದ್ದು, ತರಬೇತಿ ಹುಡುಗಿಯರು ಕೊನೆಯ ದಿನ ಬೆಳಿಗ್ಗೆ ಬಂದು ಒಳಗೆ ಹೋಗಲಾಗದೆ ಅಳುಮುಖ ಮಾಡಿಕೊಂಡು ನನ್ನ ಮುಂದೆ ನಿಲ್ಲುತ್ತಿದ್ದರು, ಪ್ರತಿ ವರ್ಷ, ನಾನು ಯಾರಿಗೂ ಹೇಳದೆ ಸರಿಮಾಡಿ ಕೊಡುತ್ತಿದ್ದೆ, ಅಯ್ಯೋ ಮತ್ತೆ ಮರೆತೆ ಅಕ್ಕ ಅಂತ ತಲೆ ಕೆರೆದುಕೊಳ್ಳುತ್ತಿದ್ದ, ಮರೆತಿದ್ದಾನೆ, ಈ ಸಲವೂ ಮರೆತಿದ್ದಾನೆ, ಇವತ್ತು ನನ್ನ ಕೊನೆಯ ದಿನ, ಇವತ್ತು ಸಂಜೆಯವರೆಗೆ ನಾನು ದುಡಿಯಬೇಕಿತ್ತು ಅವನ ಲೆಕ್ಕದಲ್ಲಿ, ನನಗೆ ಗೊತ್ತಾಗದ ಹಾಗೆ, ನಗುನಗುತ್ತ.

ಇಲ್ಲ, ಇರಲಾರದು, ಲಾಗ್‌ನಲ್ಲಿ ಕೆಳಗೆ ಕೆಳಗೆ ಹೋದೆ, ನಿನ್ನೆಯದು, ದೊಡ್ಡ ಅಧಿಕಾರ, ಈ ಕೋಣೆಯಿಂದ ಮಾತ್ರ ಸಿಗುವಂಥದ್ದು, ಬಳಸಿ ಯಾರು ಏನು ಮಾಡಿದರೂ ಅಲ್ಲಿ ಒಂದು ಸಾಲು ಬೀಳುತ್ತದೆ, ಬಿದ್ದಿತ್ತು, ಅವನ ಹೆಸರು, ನನ್ನ ಹೆಸರು, ತಾರೀಖು, ಹೊತ್ತು — ನಿನ್ನೆ ಊಟವಾದ ಮೇಲೆ, ಊಟವಾದ ಮೇಲೆ ಅವನು ಎಲ್ಲಿದ್ದ, ಇಲ್ಲೇ ಇದ್ದ, ನನ್ನ ಪಕ್ಕದ ಕುರ್ಚಿಯಲ್ಲಿ, ನನ್ನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ ಅಂತ ಔಷಧಿ ಅಂಗಡಿಗೆ ತಾನೇ ಹೋಗಿ ಹನಿ ತಂದಿದ್ದ, ತಲೆ ಹಿಂದಕ್ಕೆ ಮಾಡು ಅಕ್ಕ, ಎಡಗೈಯಿಂದ ನನ್ನ ರೆಪ್ಪೆ ಎಳೆದು, ಎಷ್ಟು ಮೆಲ್ಲಗೆ, ಈ ಕಣ್ಣಿಗೊಂದು ಆ ಕಣ್ಣಿಗೊಂದು, ತಣ್ಣಗೆ ಇಳಿಯಿತು, ಈಗ ಕಣ್ಣು ಮುಚ್ಕೊ ಅಕ್ಕ, ನಾನು ಹೇಳೋವರೆಗೂ ತೆರೀಬೇಡ, ತೆರೆದ್ರೆ ಔಷಧಿ ಎಲ್ಲಾ ಹರಿದುಹೋಗುತ್ತೆ — ಮುಚ್ಚಿಕೊಂಡೆ, ಕತ್ತಲಲ್ಲಿ ಕೂತೆ, ಕುರ್ಚಿ ಜರುಗಿಸಿದ ಸದ್ದು, ಆಮೇಲೆ ಟಕಟಕ ಟಕಟಕ, ಏನೋ ಮಾಡ್ತಿದೀಯಾ ಅಂದೆ, ಏನಿಲ್ಲ ಅಕ್ಕ ಸಣ್ಣ ಕೆಲಸ, ಎಷ್ಟು ಚೆನ್ನಾಗಿ ಹೊಡೀತಾನಪ್ಪಾ ಈಗ, ತಪ್ಪೇ ಇಲ್ಲ, ನಿಲ್ಲಿಸದೆ, ಅಂತ ಅಂದುಕೊಂಡೆ, ಹಾಗಂದುಕೊಂಡು ಹೆಮ್ಮೆಪಟ್ಟೆ, ಮುಚ್ಚಿದ ಕಣ್ಣಲ್ಲೇ ನಕ್ಕೆ, ಬೆಕ್ಕು ತನ್ನ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ, ಇವನು ನನ್ನ ಕಣ್ಣು ಮುಚ್ಚಿಸಿ ಕುಡಿದ, ಸರಿ ತೆರಿ ಅಕ್ಕ ಅಂದ, ತೆರೆದೆ, ಎದುರಿಗೆ ಅವನ ಮುಖ, ಮಂಜುಮಂಜಾಗಿ, ಹೇಗಿದೆ ಈಗ, ಹಾಯಾಗಿದೆ ಕಣೋ ಅಂದೆ, ಹಾಯಾಗಿದೆ ಅಂದೆನಲ್ಲ, ಥೂ.

ಮೋಸ, ಇದಕ್ಕೆ ಬೇರೆ ಹೆಸರಿಲ್ಲ, ನನಗೆ ನನ್ನ ತಮ್ಮ ಮೋಸ ಮಾಡಿದ, ಕೆಲಸ ಹೋದದ್ದು ಆಮೇಲಿನ ಮಾತು, ಕೆಲಸ ಯಾರಿಗೆ ಹೋಗುವುದಿಲ್ಲ, ಲ್ಯಾಬನ್ನು ಯಾರೋ ದೊಡ್ಡವರು ಕೊಳ್ಳುತ್ತಾರೆ ಅಂತ ಗಾಳಿಮಾತು ತಿಂಗಳುಗಳಿಂದ ಇತ್ತು, ಒಬ್ಬರು ಉಳಿಯುತ್ತಾರೆ ಒಬ್ಬರು ಹೋಗುತ್ತಾರೆ ಅಂತ ಗಂಟೆ ಹೇಳಿದ್ದಳು, ಹೋಗೇ ನಿನ್ನ ಅಂದಿದ್ದೆ, ಅಕ್ಕ, ಕಷ್ಟ ಇದೆ, ಒಬ್ರು ಹೋಗ್ಬೇಕು ಅಂತ ಅವನು ಒಂದು ಮಾತು ಬಂದು ಹೇಳಿದ್ದರೆ ನಾನೇ ಚೀಲ ಎತ್ತಿಕೊಂಡು ಎದ್ದು ಹೋಗುತ್ತಿದ್ದೆ, ನಿಜವಾಗಿ ಹೋಗುತ್ತಿದ್ದೆನೇ, ಹೋಗುತ್ತಿದ್ದೆ, ಜಗಳ ಮಾಡಿ ಅತ್ತು ಆಮೇಲೆ ಹೋಗುತ್ತಿದ್ದೆ, ಹೇಳಲಿಲ್ಲವಲ್ಲ, ಬದಲಿಗೆ ಎರಡು ತಿಂಗಳಿಂದ ಮಧ್ಯಾಹ್ನ ಮಧ್ಯಾಹ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದ, ಇದು ಹೇಗೆ ಅಕ್ಕ, ಅದು ಕೆಟ್ಟರೆ ಏನ್ ಮಾಡ್ಬೇಕು ಅಕ್ಕ, ತಡಿ ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ, ನಿನ್ನ ತಲೇಲಿರೋದೆಲ್ಲ ನಂಗೆ ಬೇಕು — ಕೊನೆಗೂ ಇವನಿಗೆ ಕಲಿಯುವ ಬುದ್ಧಿ ಬಂತಲ್ಲ ಅಂತ ನಾನು ಬಾಯಾರುವವರೆಗೂ ಹೇಳಿದೆ, ನೀರು ಕೂಡ ತಂದುಕೊಡುತ್ತಿದ್ದ, ಈ ಕೆಲಸಗಳೆಲ್ಲ ಯಾಕೆ ನಿನ್ನ ಹೆಸರಲ್ಲೇ ಓಡ್ತವೆ ಅಕ್ಕ, ಲ್ಯಾಬಿನ ಹೆಸರಲ್ಲಿ ಒಂದು ಖಾತೆ ಮಾಡಿ ಅದಕ್ಕೆ ಹಾಕ್ಬಿಡು ಅಂದ, ಒಳ್ಳೆ ಮಾತು ಅಂದೆ, ಮಾಡ್ತೀನಿ ಅಂದೆ, ಇವತ್ತು ನಾಳೆ ಅಂತ ಮಾಡಲಿಲ್ಲ, ಮಾಡಿದ್ದೇನೆ ಅಂತ ಅವನು ನಂಬಿದ್ದ, ಮಾಡಿದ್ದರೆ ಇವತ್ತು ಏನೂ ನಿಲ್ಲುತ್ತಿರಲಿಲ್ಲ, ಪ್ರಿಂಟರ್ ಗುರುಗುಡುತ್ತಿತ್ತು, ನಾನು ಸಂಜೆ ಐದಕ್ಕೆ ಡಾಕ್ಟರಮ್ಮನ ಕೋಣೆಗೆ ಹೋಗುತ್ತಿದ್ದೆ, ಐದಕ್ಕೆ ಬನ್ನಿ ಅಂತ ಹೇಳಿಕಳಿಸಿದ್ದಾರೆ, ಹೊಸ ಸರ್ವರಿಗೆ ಒಪ್ಪಿಗೆ ಕೊಡುವುದಕ್ಕೆ ಅಂದುಕೊಂಡು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದೇನೆ, ನೋಡು ನನ್ನ ಅವತಾರ, ತಲೆ ತೆಗೆಯುವ ಕಡೆಗೆ ತಲೆ ಬಾಚಿಕೊಂಡು ಹೊರಟವಳು.

ಅಮ್ಮ — ಅಮ್ಮನಿಗೆ ಗೊತ್ತಿರಲಾರದು, ಅಮ್ಮ ಅವನ ಮನೆಯಲ್ಲೇ ಇರುವವಳು ನಿಜ, ಆದರೆ ಹೋದ ಭಾನುವಾರ ಹೋದಾಗ ನನ್ನ ಕೈ ಹಿಡಿದುಕೊಂಡು ಕೂತಿದ್ದಳಲ್ಲ, ಯಾವತ್ತೂ ಹಿಡಿಯದವಳು, ಎಷ್ಟು ದುಡಿದ್ಯೇ ತಾಯಿ, ಸಾಕು ಇನ್ನು, ಮನೇಲಿ ಸ್ವಲ್ಪ ಸುಮ್ನೆ ಕೂತ್ಕೊ, ಕೈಯೆಲ್ಲಾ ಒರಟಾಗಿದೆ ನೋಡು — ನನಗೆ ಕಣ್ಣು ತುಂಬಿ ಬಂದಿತ್ತು ಆಗ, ಈಗಾದರೂ ಅಮ್ಮನ ಕಣ್ಣಿಗೆ ನಾನು ಬಿದ್ದೆನಲ್ಲ ಅಂತ, ಅವನು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ, ನೋಡುತ್ತಿದ್ದ, ನಾನು ನೋಡಿದ ಕೂಡಲೇ ಮಕ್ಕಳನ್ನು ಕರೆಯುತ್ತ ಒಳಗೆ ಹೋದ, ಬೇಡ, ಅದನ್ನು ಯೋಚಿಸಬೇಡ, ಅಮ್ಮನನ್ನು ಇದಕ್ಕೆ ಎಳೆಯಬೇಡ, ಆದರೆ ಎಳೆಯುವವಳು ನಾನಲ್ಲ, ತಾನಾಗಿ ಬರುತ್ತಿದೆ, ಟಕಟಕ ಅಂತ ಬರುತ್ತಿದೆ, ಒಂದೊಂದು ಮಾತೂ ಇನ್ನೊಂದು ಕಡೆ ತಿರುಗಿ ಕೂರುತ್ತಿದೆ.

ಅಕ್ಕಾ, ಆ ತಾತ ಕೇಳ್ತಿದಾರೆ, ಗಂಟೆ ಮತ್ತೆ ಬಾಗಿಲಲ್ಲಿ, ನಿಮ್ಮ ಮುಖ ಯಾಕೆ ಹಾಗಿದೆ — ಕಣ್ಣುರಿ ಕಣೇ, ಅಂದೆ, ಅವಳ ಹಿಂದೆ ತಾತ ಕಾಣಿಸಿದ, ಬೆಂಚಿನ ತುದಿಯಲ್ಲಿ, ಆಸ್ಪತ್ರೆಯಲ್ಲಿ ಕಟ್ಟಿದ ಪಟ್ಟಿ ಮಣಿಕಟ್ಟಿನಲ್ಲಿ, ಮಗಳೋ ಸೊಸೆಯೋ ಪಕ್ಕದಲ್ಲಿ, ಕಳಿಸದಿದ್ದರೆ ಏನಾಗುತ್ತದೆ, ಹೀಗೇ ಕೈ ಕಟ್ಟಿ ಕೂತರೆ, ಅವಧಿ ಮುಗಿದವಳು ನಾನು, ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ ಅಂತ ಗಂಟೆಗೆ ಹೇಳಿ ಮೇಲಕ್ಕೆ ಕಳಿಸಿದರೆ, ತೆರೆದಿರುವ ಈ ಒಂದು ಕಿಟಕಿ ಮುಚ್ಚಿದರೆ ಸಾಕು, ಸಂಜೆಯವರೆಗೆ ಯಾರೂ ಏನೂ ಕಿಸಿಯಲಾಗುವುದಿಲ್ಲ, ಮೇಲಿರುವವನಿಗೆ ಮೇಸ್ತ್ರಿಯ ಗುಣ ಗೊತ್ತಿಲ್ಲ, ಯಾಕೆ ನಿಂತಿತು ಅಂತ ಹುಡುಕಿ ಹುಡುಕಿ ಸಾಯುತ್ತಾನೆ, ಸಾಯಲಿ, ಡಾಕ್ಟರಮ್ಮ ಅವನ ತಲೆ ತಿನ್ನಲಿ, ಬೆರಳು ಅಲ್ಲೇ ಇತ್ತು, ಮುಚ್ಚುವ ಕೀಲಿಯ ಮೇಲೆ, ಒಂದು ಗಳಿಗೆ ನಿಜವಾಗಿ ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆ, ಆದರೆ ತಾತನ ರಕ್ತ ಏನು ತಪ್ಪು ಮಾಡಿದೆ, ಬಾವಿಯ ಮೇಲಿನ ಸಿಟ್ಟಿಗೆ ಬಾಯಾರಿದವನ ಚೊಂಬು ಒಡೆಯಲೇ, ಯಾವುದೂ ಅರ್ಧಕ್ಕೆ ನಿಂತಿಲ್ಲ ಅಂತ ಈಗ ಗೊತ್ತಲ್ಲ, ಕೈಯಿಂದ ಓಡಿಸಿದೆ, ಎಲ್ಲರಿಗೂ, ನನ್ನ ಹೆಸರಲ್ಲೇ, ಒಳಗಿನಿಂದ — ಮೂಲೆಯಲ್ಲಿ ಪ್ರಿಂಟರ್ ಗುರ್ ಅಂದಿತು, ಹೊರಗೆ ಯಾರದೋ ಫೋನು ಕಿಣಿ ಅಂದಿತು, ಇನ್ನೊಂದು, ಬಂತು ಬಂತು ಅಂತ ಗಂಟೆ ಕೂಗಿದ್ದು ಬೀದಿಗೇ ಕೇಳಿಸಿರಬೇಕು, ತಾತ ಎದ್ದು ನಿಂತ, ಯಾರಿಗೋ ಕೈ ಮುಗಿದ, ನನಗಲ್ಲ, ಗೋಡೆಗೆ, ಆಮೇಲೆ ಆ ಹೆಂಗಸಿನ ಕೈ ಹಿಡಿದು ಮೆಟ್ಟಿಲಿಳಿದು ಹೋದ.

ಮೆಟ್ಟಿಲ ಮೇಲೆ ಅವನ ಚಪ್ಪಲಿ, ನನಗೆ ಗೊತ್ತು ಆ ಸದ್ದು, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿಯುತ್ತಾನೆ, ಬೀಳ್ತೀಯ ಕಣೋ ಅಂತ ಇವತ್ತಿಗೂ ಬಾಯಿಗೆ ಬರುತ್ತದೆ, ಬಂದ, ನಗುತ್ತ ಬಂದ, ಹೋಯ್ತಲ್ಲ ಎಲ್ಲಾ, ನೀನಿಲ್ದಿದ್ರೆ ನಮ್ ಗತಿ ಏನಕ್ಕ, ಏನಾಗಿತ್ತು — ಹೇಗೆ ಹೇಳುತ್ತಾನೆ ಆ ಮಾತು, ನಾಲಿಗೆ ಸುಡುವುದಿಲ್ಲವೇ, ನಾನು ಪರದೆ ತಿರುಗಿಸಲಿಲ್ಲ, ಅವನ ಮುಖ ನೋಡಲಿಲ್ಲ, ಮರುದಿನದ ತಾರೀಖು ಹಾಕ್ಬೇಕು ಅಂತ ಎಷ್ಟ್ ಸಲ ಹೇಳಿದೀನಿ ಪುಟ್ಟಾ, ಅಂದೆ, ಅಷ್ಟೇ ಅಂದದ್ದು, ಬೈಗುಳ ಬರುತ್ತದೆ ಅಂದುಕೊಂಡಿದ್ದೆ, ಕೂಗುತ್ತೇನೆ ಅಂದುಕೊಂಡಿದ್ದೆ, ಪಾಠ ಹೇಳುವ ದನಿಯೇ ಬಂತು, ಕೊನೆ ದಿನ ಇವತ್ತು ಅಂದ್ರೆ ನಾಳೇದು ಹಾಕ್ಬೇಕು, ಇಲ್ದಿದ್ರೆ ಬೆಳಿಗ್ಗೇನೇ ಗೊತ್ತಾಗ್ಬಿಡುತ್ತೆ — ಅವನು ಪಕ್ಕದ ಕುರ್ಚಿ ಎಳೆದ, ಕೂರಲಿಲ್ಲ, ಸಂಜೆ ಹೇಳೋಣ ಅಂತಿದ್ವಿ ಅಕ್ಕ, ಒಬ್ರನ್ನ ಇಟ್ಕೋಬಹುದು, ಯಾರು ಅಂತ ನೀನೇ ಹೇಳು ಅಂತ ಡಾಕ್ಟರಮ್ಮ ನನ್ನ ಮೇಲೆ ಹಾಕಿದ್ರು, ನಾನೇನ್ ಮಾಡ್ಲಿ, ನಂಗೆ ಮಕ್ಕಳು ಚಿಕ್ಕವು — ಅಮ್ಮಂಗೆ ಗೊತ್ತಾ, ಅಂದೆ, ಗೊತ್ತಿಲ್ಲ ಅನ್ನು, ಸುಳ್ಳಾದರೂ ಅನ್ನು, ಇದೊಂದು ಸಾಲ ನಿನಗೆ ಬಿಡುತ್ತೇನೆ, ಅನ್ನು — ಅಮ್ಮಾನೇ ಹೇಳಿದ್ದು ಅಕ್ಕ, ಅವಳಿಗೇನೋ, ಗಂಡ ಇದಾನೆ, ಅವಳದೇ ಮನೆ ಇದೆ, ಹೇಗೋ ನಡೆಯುತ್ತೆ, ನೀನು ನಿನ್ನ ಮಕ್ಕಳ ಮುಖ ನೋಡು ಅಂತ, ನಾನು ಒಂದು ವಾರ ನಿದ್ದೆ ಮಾಡಿಲ್ಲ ಗೊತ್ತಾ — ನಿದ್ದೆ, ಅವನ ನಿದ್ದೆಯ ಲೆಕ್ಕವನ್ನು ನನಗೆ ಒಪ್ಪಿಸುತ್ತಿದ್ದಾನೆ, ನಾನು ಅಯ್ಯೋ ಪಾಪ ಅನ್ನಬೇಕು, ಅನ್ನುತ್ತಿದ್ದೆ ನಿನ್ನೆಯವರೆಗೂ, ಹಾಗಾದರೆ ಇಬ್ಬರೂ ಕೂತು ಮಾತಾಡಿದ್ದಾರೆ, ಅಡುಗೆಮನೆಯ ಅದೇ ಮೇಜಿನ ಹತ್ತಿರ, ನನ್ನ ಬೆಲೆ ಕಟ್ಟಿ ಆಗಿದೆ, ಗಂಡನ ಮನೆಯಿರುವವಳು, ಹೇಗೋ ನಡೆಯುವವಳು.

ಅವನಿಗೆ ಕೈ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ, ಮೇಜಿನ ಮೇಲೆ ಇಟ್ಟ, ತೆಗೆದ, ಹೋಗು ಅನ್ನಬೇಕು ನಾನು, ಅವನಿಗೆ ಹೋಗಲೂ ಬರುತ್ತಿಲ್ಲ, ಜೇಬಿಗೆ ಕೈ ಹಾಕಿದ, ಬಾಟಲಿ, ಕಣ್ಣಿಂದು, ನಿನ್ನೆಯಿಂದ ಅವನ ಜೇಬಿನಲ್ಲೇ ಇದೆ, ಅಕ್ಕ, ಕಣ್ಣು ಇನ್ನೂ ಕೆಂಪಗಿದೆ, ಹನಿ ಹಾಕೋ ಹೊತ್ತಾಯ್ತು — ಬೇಡ ಅನ್ನಬೇಕು, ಮುಟ್ಟಬೇಡ ನನ್ನ ಅನ್ನಬೇಕು, ಅನ್ನುವಷ್ಟರಲ್ಲಿ ನನ್ನ ತಲೆ ತಾನಾಗಿ ಹಿಂದಕ್ಕೆ ವಾಲಿಬಿಟ್ಟಿದೆ, ನಾಚಿಕೆಗೆಟ್ಟ ತಲೆ, ನಂಬಿ ನಂಬಿ ಅಭ್ಯಾಸವಾದ ತಲೆ, ಅವನ ಎಡಗೈ ನನ್ನ ರೆಪ್ಪೆ ಎಳೆಯುತ್ತಿದೆ, ಮೆಲ್ಲಗೆ, ನಿನ್ನೆಯಷ್ಟೇ ಮೆಲ್ಲಗೆ, ನಿನ್ನೆಯೂ ಇದೇ ಬೆರಳು, ಇದೇ ಬೆರಳು ಆಮೇಲೆ ಕೀಲಿಗಳ ಮೇಲೆ, ಮೇಲೆ ಬಾಟಲಿಯ ಮೂತಿ, ಮೂತಿಯಲ್ಲಿ ಹನಿ ಊರುತ್ತಿದೆ, ದೊಡ್ಡದಾಗುತ್ತಿದೆ, ಇನ್ನೂ ಬಿದ್ದಿಲ್ಲ, ಹಾಕಿದ ಕೂಡ್ಲೆ ಕಣ್ಣು ಮುಚ್ಕೊ ಅಕ್ಕ, ಅನ್ನುತ್ತಿದ್ದಾನೆ, ಮುಚ್ಚುವುದಿಲ್ಲ, ಮುಚ್ಚಿದರೆ ಟಕಟಕ, ಹನಿ ನಡುಗುತ್ತಿದೆ, ಬಿದ್ದಿಲ್ಲ, ಕಣ್ಣು ಮುಚ್ಕೊ ಅಕ್ಕ, ಟಕಟಕ, ಹನಿ, ಕಣ್ಣು ಮುಚ್ಕೊ, ಹನಿ, ಮೂತಿಯಲ್ಲಿ, ಹನಿ —